ಜೂಜು, ಕಾನೂನು ಮತ್ತು ಕಾಯಕ: ನಮ್ಮ ನಾಲ್ಕು ತಾಲ್ಲೂಕುಗಳ ಮುಂದಿರುವ ಪ್ರಶ್ನೆ

ಯುಗಾದಿ ಸಮೀಪಿಸಿದಂತೆಲ್ಲ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದು ಮಾತು ಪ್ರತಿವರ್ಷವೂ ಕೇಳಿಬರುತ್ತದೆ. ಹಬ್ಬದ ಎರಡು ಮೂರು ದಿನ ಇಸ್ಪೀಟ್ ಆಡಿದರೆ ದೋಷವಿಲ್ಲ, ಅದು ಹಿರಿಯರ ಕಾಲದಿಂದ ಬಂದ ರೂಢಿ, ಆ ದಿನಗಳಲ್ಲಿ ಪೊಲೀಸರೂ ಹಿಡಿಯುವುದಿಲ್ಲ ಎಂಬುದೇ ಆ ಮಾತು. ಇದನ್ನು ಹೇಳುವವರು ಕೆಟ್ಟವರೇನಲ್ಲ. ವರ್ಷವಿಡೀ ದುಡಿಯುವ, ಊರಿನ ಕಾರ್ಯಗಳಿಗೆ ಮುಂದೆ ನಿಲ್ಲುವ ಗೃಹಸ್ಥರೇ ಹೀಗೆ ನಂಬಿದ್ದಾರೆ. ಆದಕಾರಣ ಮೊದಲಿಗೇ ಸ್ಪಷ್ಟಪಡಿಸಬೇಕಾದ ಸಂಗತಿಯೊಂದಿದೆ. ಹಬ್ಬಕ್ಕೆಂದು ಜೂಜಿಗೆ ವಿನಾಯಿತಿ ನೀಡುವ ಯಾವ ಕಲಮೂ ಕರ್ನಾಟಕದ ಕಾನೂನಿನಲ್ಲಿ ಇಲ್ಲ. ಪೊಲೀಸರು ಒಂದು ವರ್ಷ ಕಣ್ಣುಮುಚ್ಚಿದ್ದರೆ ಅದು ಅನುಮತಿಯಾಗದು. ಶರಣಧರ್ಮದಲ್ಲಂತೂ ಅಂತಹ ವಿನಾಯಿತಿ ಎಂದೂ ಇರಲಿಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದಾಗಿ, 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ದೊರೆತಿದೆ. ಹಳೆಯ ಕಲಮುಗಳ ಸಂಖ್ಯೆಯನ್ನೇ ಬಲ್ಲ ಜನರಿಗೆ ಹೊಸದರ ಪರಿಚಯ ಆಗಬೇಕಾಗಿದೆ. ಎರಡನೆಯದಾಗಿ, ಜೂಜಿನಿಂದ ಸಾಲಕ್ಕೆ, ಸಾಲದಿಂದ ಹತಾಶೆಗೆ ಸರಿದ ಮನೆಗಳ ದುಃಖ ಮಠಗಳ ಬಾಗಿಲಿಗೆ ಬರುವುದು ಹೊಸದಲ್ಲವಾದರೂ, ಈಗ ಬರುವವರಲ್ಲಿ ಇಪ್ಪತ್ತೈದು ದಾಟದ ಯುವಕರ ತಂದೆತಾಯಿಗಳೇ ಹೆಚ್ಚು. ಕಾನೂನಿನ ಕೈ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಲ್ಲುತ್ತದೆ, ಅದು ನಿಂತಲ್ಲಿಂದ ಮುಂದಿನ ಹೊಣೆ ಯಾರದು ಎಂಬುದನ್ನು ಸದ್ಭಕ್ತರು ತಿಳಿಯಬೇಕೆಂಬುದು ಈ ಬರಹದ ಉದ್ದೇಶ.

ಪಾಪವೆಲ್ಲ ಅಪರಾಧವಲ್ಲ

ದಂಡನೆಯ ಕಾನೂನು ಮನುಷ್ಯನ ಅಂತರಂಗವನ್ನು ಅಳೆಯಲು ಹೊರಟಿಲ್ಲ. ನ್ಯಾಯ ಸಂಹಿತೆಯ ಹನ್ನೊಂದನೆಯ ಅಧ್ಯಾಯ ಸಾರ್ವಜನಿಕ ನೆಮ್ಮದಿಗೆ ವಿರುದ್ಧವಾದ ಅಪರಾಧಗಳನ್ನು ಹೇಳುತ್ತದೆ. ಹದಿನೈದನೆಯ ಅಧ್ಯಾಯ ಸಾರ್ವಜನಿಕ ಆರೋಗ್ಯ, ಸುರಕ್ಷತೆ, ಅನುಕೂಲ, ಸಭ್ಯತೆ ಮತ್ತು ನೈತಿಕತೆಗೆ ಧಕ್ಕೆ ತರುವ ಕೃತ್ಯಗಳನ್ನು ಹೇಳುತ್ತದೆ. ಎರಡರಲ್ಲಿಯೂ ಮುಖ್ಯವಾದ ಪದ 'ಸಾರ್ವಜನಿಕ' ಎಂಬುದು. ಬೀದಿಯಲ್ಲಿ ಇಬ್ಬರು ಹೊಡೆದಾಡಿ ನೆಮ್ಮದಿ ಕೆಡಿಸಿದರೆ ಅದು 194ನೆಯ ಕಲಮಿನ ವಿಷಯ. ನೆರೆಹೊರೆಗೆ ಉಪದ್ರವ ಕೊಡುವುದು 270 ಮತ್ತು 292ರ ವಿಷಯ. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲವಾಗಿ ನಡೆದುಕೊಂಡು ಇತರರಿಗೆ ಕಿರುಕುಳವಾದರೆ ಅದು 296. ಅನುಮತಿಯಿಲ್ಲದೆ ಲಾಟರಿ ಕಚೇರಿ ತೆರೆದರೆ ಅದು 297. ಹಳೆಯ ಸಂಹಿತೆಯಲ್ಲಿ ಇದೇ 294ಎ ಆಗಿತ್ತು.

ಮನೆಯೊಳಗೆ ನೆಂಟರೊಡನೆ ಚೌಕಾಬಾರ ಆಡುವುದನ್ನು, ಹಣವಿಲ್ಲದೆ ಎಲೆ ಹಾಕುವುದನ್ನು ಕಾನೂನು ಕೇಳುವುದಿಲ್ಲ; ಧರ್ಮವೂ ಕೇಳುವುದಿಲ್ಲ. ಆಟವನ್ನೇ ದ್ವೇಷಿಸುವುದು ನಮ್ಮ ಪರಂಪರೆಯಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು ಮಕ್ಕಳ ಕೈಯಲ್ಲಿ ಲೋಕವಿಡೀ ತಿರುಗಿವೆ. ಆಡುವ ಮನಸ್ಸು ದೇವರು ಕೊಟ್ಟದ್ದು. ಆಟದ ನಡುವೆ ಹಣ ಬಂದು ಕುಳಿತಾಗ, ಆ ಹಣದಿಂದ ಮೂರನೆಯವನೊಬ್ಬ ಬದುಕತೊಡಗಿದಾಗ ಸ್ವರೂಪ ಬದಲಾಗುತ್ತದೆ.

ಬೆಂಗಳೂರಿನ ಪತ್ರಿಕೆಯಿಂದ ಬಂದ ತೀರ್ಪು

ಜೂಜಿನ ಬಗ್ಗೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಮೂಲಭೂತ ತೀರ್ಪಿಗೆ ನಮ್ಮ ನಾಡಿನ ನಂಟಿದೆ ಎಂಬುದು ಬಹಳ ಮಂದಿಗೆ ತಿಳಿಯದು. ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆಯಲ್ಲಿ ಪದಬಂಧದ ಬಹುಮಾನ ಸ್ಪರ್ಧೆಗಳು ನಡೆಯುತ್ತಿದ್ದವು. ಪ್ರವೇಶಧನ ಕಟ್ಟಿ ಆಡುವವರು ಬೊಂಬಾಯಿ ರಾಜ್ಯದಲ್ಲಿ ಬಹಳವಿದ್ದರು. ಆ ರಾಜ್ಯ ಅದರ ಮೇಲೆ ನಿಯಂತ್ರಣ ಮತ್ತು ತೆರಿಗೆ ವಿಧಿಸಿದಾಗ, ಇದು ನಮ್ಮ ವ್ಯಾಪಾರದ ಹಕ್ಕಿಗೆ ಧಕ್ಕೆ ಎಂದು ಸ್ಪರ್ಧೆ ನಡೆಸುವವರು ನ್ಯಾಯಾಲಯಕ್ಕೆ ಹೋದರು. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ಪೀಠವು, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರಗಳ ಸಾಲಿಗೆ ಸೇರುವುದೇ ಇಲ್ಲವೆಂದು ಹೇಳಿತು. ಋಗ್ವೇದದ ಜೂಜುಗಾರನ ಸೂಕ್ತವನ್ನೂ ಮಹಾಭಾರತವನ್ನೂ ಆ ತೀರ್ಪು ನೆನೆಯಿತು.

ಮುಂದೆ 1967ರಲ್ಲಿ, ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ, ರಮ್ಮಿ ಆಟದಲ್ಲಿ ಅದೃಷ್ಟಕ್ಕಿಂತ ಕೌಶಲ ಮೇಲುಗೈ ಪಡೆದಿದೆ, ಆದ್ದರಿಂದ ಅದು ಸ್ವತಃ ಜೂಜಲ್ಲ ಎಂದು ಅದೇ ನ್ಯಾಯಾಲಯ ಹೇಳಿತು. ಈ ಎರಡು ತೀರ್ಪುಗಳ ನಡುವಿನ ಗೆರೆಯ ಮೇಲೆಯೇ ಇಂದಿನವರೆಗೂ ವಾದಗಳು ನಡೆಯುತ್ತ ಬಂದಿವೆ. ಅದೃಷ್ಟದ್ದಾದರೆ ಜೂಜು, ಕೌಶಲದ್ದಾದರೆ ಆಟ. ಗೆರೆ ಎಳೆಯುವುದು ಸುಲಭ. ಆದರೆ ಸೋತವನ ಮನೆಯಲ್ಲಿ ಒಲೆ ಹೊತ್ತದೆ ಇರುವಾಗ, ಅವನು ಅದೃಷ್ಟದಿಂದ ಸೋತನೋ ಕೌಶಲವಿಲ್ಲದೆ ಸೋತನೋ ಎಂಬುದು ಅವನ ಮಡದಿ ಮಕ್ಕಳಿಗೆ ಯಾವ ವ್ಯತ್ಯಾಸವನ್ನೂ ಮಾಡುವುದಿಲ್ಲ.

ರಾಜ್ಯದ ಕಾಯ್ದೆ, ಅದರ ಮಿತಿ

ಪಂದ್ಯ ಮತ್ತು ಜೂಜು ರಾಜ್ಯಪಟ್ಟಿಯ ವಿಷಯ. ಆದ್ದರಿಂದ ನಮ್ಮ ಹಳ್ಳಿಗಳಲ್ಲಿ ಪೊಲೀಸರು ದಾಖಲಿಸುವ ಪ್ರಕರಣಗಳು ಬಹುತೇಕ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿಯಲ್ಲಿ ಬರುತ್ತವೆ. ಮಟ್ಕಾ ಮೊದಲಾದವಕ್ಕೆ 78ನೆಯ ಕಲಮು; ಜೂಜಿನ ಅಡ್ಡೆ ನಡೆಸುವವನಿಗೆ 79; ಅಲ್ಲಿ ಆಡುವವನಿಗೆ 80; ಬೀದಿ, ತೋಪು, ಕೆರೆ ಏರಿಯಂತಹ ಸಾರ್ವಜನಿಕ ಸ್ಥಳಗಳಲ್ಲಿ ಅಂದರ್ ಬಾಹರ್ ಆಡುವವರಿಗೆ 87. ಶುದ್ಧ ಕೌಶಲದ ಆಟಗಳಿಗೆ 79 ಮತ್ತು 80 ಅನ್ವಯಿಸುವುದಿಲ್ಲವೆಂದು 176ನೆಯ ಕಲಮು ಹೇಳುತ್ತದೆ.

ಇವುಗಳಲ್ಲಿ ಒಂದು ಅಂಶವನ್ನು ನಮ್ಮ ಹಿರಿಯರು ವಿಶೇಷವಾಗಿ ಗಮನಿಸಬೇಕು. ಜೂಜಿನ ಅಡ್ಡೆಯಲ್ಲಿ ಆಟ ನಡೆಯುವಾಗ ಅಲ್ಲಿ ಸಿಕ್ಕವನು, ಬೇರೆ ಕಾರಣವನ್ನು ತೋರಿಸುವವರೆಗೆ, ಜೂಜಿಗೆಂದೇ ಬಂದವನೆಂದು ಕಾನೂನು ಭಾವಿಸುತ್ತದೆ. 'ನಾನು ಸುಮ್ಮನೆ ನೋಡುತ್ತ ಕುಳಿತಿದ್ದೆ' ಎಂಬುದು ಅಲ್ಲಿ ತಾನಾಗಿ ಒಪ್ಪಿತವಾಗುವ ಉತ್ತರವಲ್ಲ. ನೋಡುವವರ ಗುಂಪಿಲ್ಲದೆ ಯಾವ ಅಡ್ಡೆಯೂ ಬೆಳೆಯುವುದಿಲ್ಲವೆಂಬುದನ್ನು ಕಾನೂನು ಮಾಡಿದವರು ಬಲ್ಲವರಾಗಿದ್ದರು.

ಇಷ್ಟಿದ್ದೂ ಈ ಕಾಯ್ದೆಯ ಹಿಡಿತ ಸಡಿಲವಾಗಿದೆ. ಬೀದಿ ಜೂಜಿಗೆ ಅದರಲ್ಲಿ ಮೂಲತಃ ಇದ್ದದ್ದು ಕೆಲವು ತಿಂಗಳ ಸೆರೆ ಅಥವಾ ನೂರುಗಳ ಲೆಕ್ಕದ ದಂಡ. ಒಂದು ಆಟದಲ್ಲಿ ಸಾವಿರಗಳು ಕೈಬದಲಾಗುವಾಗ ಆ ದಂಡ ಆಡುವವನಿಗೆ ಹೆದರಿಕೆಯಲ್ಲ, ಖರ್ಚಿನ ಒಂದು ಬಾಬತ್ತು. ಜೊತೆಗೆ, ಮ್ಯಾಜಿಸ್ಟ್ರೇಟರ ಅನುಮತಿಯನ್ನು ಕ್ರಮಬದ್ಧವಾಗಿ ಪಡೆಯದೆ ತನಿಖೆ ನಡೆಸಿದ್ದಾರೆಂಬ ಕಾರಣಕ್ಕೆ ಇಂತಹ ಅನೇಕ ಪ್ರಕರಣಗಳನ್ನು ಉಚ್ಚ ನ್ಯಾಯಾಲಯ ರದ್ದುಗೊಳಿಸಿದೆ. ಅದು ನ್ಯಾಯಾಲಯದ ತಪ್ಪಲ್ಲ. ಪ್ರಜೆಯ ಸ್ವಾತಂತ್ರ್ಯಕ್ಕೆ ಕಾನೂನು ಹಾಕಿದ ಬೇಲಿಯನ್ನು ಪೊಲೀಸರೂ ದಾಟಬಾರದು. ಆದರೆ ಫಲವೇನಾಯಿತೆಂದರೆ, ಹಿಡಿದ ದಿನ ಪತ್ರಿಕೆಯಲ್ಲಿ ಬಂದ ಸುದ್ದಿ ವರ್ಷಗಳ ಬಳಿಕ ಶೂನ್ಯವಾಗಿ ಮುಗಿಯಿತು.

2021ರಲ್ಲಿ ರಾಜ್ಯ ಸರ್ಕಾರ ಈ ಕಾಯ್ದೆಯನ್ನು ಬಿಗಿಗೊಳಿಸಲು ತಿದ್ದುಪಡಿ ತಂದಿತು. ಶಿಕ್ಷೆ ಹೆಚ್ಚಿತು; ಆನ್‌ಲೈನ್ ಆಟಗಳೂ ಅದರೊಳಗೆ ಬಂದವು. ಆದರೆ ಕೌಶಲದ ಆಟಗಳನ್ನೂ ನಿಷೇಧದೊಳಗೆ ಎಳೆದ ಕಾರಣ, 2022ರ ಫೆಬ್ರವರಿ 14ರಂದು ಕರ್ನಾಟಕ ಉಚ್ಚ ನ್ಯಾಯಾಲಯ ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. ರಾಜ್ಯ ಸರ್ಕಾರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಹೊಸ ನ್ಯಾಯ ಸಂಹಿತೆ 112ನೆಯ ಕಲಮಿನಲ್ಲಿ ಒಂದು ಹೊಸ ಅಪರಾಧವನ್ನು ಸೇರಿಸಿದೆ. ಗುಂಪು ಕಟ್ಟಿಕೊಂಡು ನಡೆಸುವ ಸಣ್ಣಪ್ರಮಾಣದ ಸಂಘಟಿತ ಅಪರಾಧಗಳ ಪಟ್ಟಿಯಲ್ಲಿ ಕಳವು, ವಂಚನೆ, ಪ್ರಶ್ನೆಪತ್ರಿಕೆ ಮಾರಾಟಗಳ ಜೊತೆಗೆ ಅನಧಿಕೃತ ಬಾಜಿ ಮತ್ತು ಜೂಜು ಕೂಡ ಇದೆ. ಕನಿಷ್ಠ 1 ವರ್ಷದಿಂದ 7 ವರ್ಷಗಳವರೆಗೆ ಸೆರೆ ಮತ್ತು ದಂಡ. ಇದು ತೋಪಿನಲ್ಲಿ ಕುಳಿತ ನಾಲ್ವರನ್ನು ಉದ್ದೇಶಿಸಿದ್ದಲ್ಲ. ಪ್ರತಿ ಆಟದಿಂದಲೂ ತನ್ನ ಪಾಲು ಕಿತ್ತುಕೊಳ್ಳುತ್ತ, ಕಾವಲಿಗೆ ಹುಡುಗರನ್ನು ನಿಲ್ಲಿಸಿ, ಊರಿಂದೂರಿಗೆ ಅಡ್ಡೆ ಬದಲಿಸುವ ತಂಡಗಳಿಗೆ. ಈ ಕಲಮನ್ನು ಅಂತಹವರ ಮೇಲೆ ಬಳಸಿ ಸಣ್ಣವರನ್ನು ಬಿಡುವರೋ, ಸಣ್ಣವರ ಮೇಲೆ ಹೂಡಿ ದೊಡ್ಡವರನ್ನು ಬಿಡುವರೋ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ತೋಪಿನ ನೆರಳಿನಿಂದ ಅಂಗೈಗೆ

ನಮ್ಮ ಭಾಗದ ಬದುಕು ಹಣವನ್ನು ಕಾಣುವುದು ಕಂತುಗಳಲ್ಲಿ. ಚಾಕಿ ಹುಳು ತಂದು, ಹೊತ್ತುಹೊತ್ತಿಗೆ ಸೊಪ್ಪು ಹಾಕಿ, ಒಂದೊಂದು ಜ್ವರವನ್ನೂ ದಾಟಿಸಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ತರುವಷ್ಟರಲ್ಲಿ ತಿಂಗಳ ನಿದ್ದೆ ಕೆಟ್ಟಿರುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ಹರಾಜಾದ ಮೇಲೆ ಕೈಗೆ ಸಿಗುವ ಮೊತ್ತ ಒಂದು ಬೆಳೆಯ ಸಂಪೂರ್ಣ ದುಡಿಮೆ. ಹಿಂದೆ ನಗದು ಸೊಂಟಕ್ಕೆ ಸಿಕ್ಕಿಸಿ ಮನೆ ಸೇರುವ ದಾರಿಯಲ್ಲಿ ಅಡ್ಡೆಗಳು ಕಾಯುತ್ತಿದ್ದವು. ಈಗ ಗೂಡಿನ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಹಾಲಿನ ಬಟವಾಡೆ ಖಾತೆಗೆ, ಬಿಡದಿಯ ಕಾರ್ಖಾನೆಗಳ ಸಂಬಳ ಖಾತೆಗೆ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ದಲ್ಲಾಳಿಗಳ, ಜೇಬುಗಳ್ಳರ ಕಾಟ ತಪ್ಪಿತು.

ಆದರೆ ಖಾತೆ ಇರುವುದು ಮೊಬೈಲಿನಲ್ಲಿ. ಜೂಜೂ ಬಂದು ಕುಳಿತಿರುವುದು ಅದೇ ಮೊಬೈಲಿನಲ್ಲಿ. ತೋಪಿನ ಆಟಕ್ಕೆ ಹೋಗಲು ನಾಲ್ಕು ಹೆಜ್ಜೆ ನಡೆಯಬೇಕಿತ್ತು, ಅಣ್ಣನೋ ಮಾವನೋ ಎದುರು ಬಂದರೆ ಮುಖ ತಪ್ಪಿಸಬೇಕಿತ್ತು, ಕತ್ತಲಾದರೆ ಎದ್ದು ಮನೆಗೆ ಬರಬೇಕಿತ್ತು. ಆ ಸಣ್ಣ ಸಣ್ಣ ತಡೆಗಳೇ ಅನೇಕರನ್ನು ಉಳಿಸಿದ್ದವು. ಮೊಬೈಲಿನ ಆಟಕ್ಕೆ ನಾಚಿಕೆಯ ತಡೆಯಿಲ್ಲ, ಹೊತ್ತಿನ ತಡೆಯಿಲ್ಲ, ಕೈಯಲ್ಲಿದ್ದ ಹಣ ಮುಗಿಯಿತೆಂಬ ತಡೆಯೂ ಇಲ್ಲ. ಸಾಲ ಕೊಡುವ ಆ್ಯಪು ಅದರ ಪಕ್ಕದಲ್ಲೇ ಇರುತ್ತದೆ. ಹಟ್ಟಿಯಲ್ಲಿ ಹಾಲು ಕರೆಯುತ್ತಿರುವ ತಾಯಿಗೆ, ಜಗಲಿಯಲ್ಲಿ ಕುಳಿತ ಮಗ ಆ ಗಳಿಗೆಯಲ್ಲಿ ಏನನ್ನು ಕಳೆಯುತ್ತಿದ್ದಾನೆಂಬುದು ತಿಳಿಯುವ ದಾರಿಯೇ ಇಲ್ಲ.

2025ರ ಆಗಸ್ಟ್ 20 ಮತ್ತು 21ರಂದು ಸಂಸತ್ತಿನ ಎರಡೂ ಸದನಗಳಲ್ಲಿ ಅಂಗೀಕಾರವಾಗಿ, 22ರಂದು ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಈ ಹಿನ್ನೆಲೆಯಲ್ಲಿ ಮಹತ್ತ್ವದ್ದು. ಸುಮಾರು 45 ಕೋಟಿ ಜನ ಇಂತಹ ಆಟಗಳಿಂದ ಬಾಧಿತರಾಗಿದ್ದಾರೆ, 20,000 ಕೋಟಿ ರೂಪಾಯಿಗೂ ಹೆಚ್ಚು ಕಳೆದುಕೊಂಡಿದ್ದಾರೆ ಎಂಬ ಅಂದಾಜನ್ನು ಕೇಂದ್ರ ಸರ್ಕಾರ ಆಗ ಮುಂದಿಟ್ಟಿತು. ಹಣ ಕಟ್ಟಿ ಹಣ ಗೆಲ್ಲುವ ಆಟ ಆನ್‌ಲೈನಿನಲ್ಲಿ ಇರಕೂಡದು, ಅದು ಅದೃಷ್ಟದ್ದಾಗಿರಲಿ ಕೌಶಲದ್ದಾಗಿರಲಿ ಎಂಬುದು ಕಾಯ್ದೆಯ ತಿರುಳು. ನಡೆಸುವವರಿಗೆ 3 ವರ್ಷಗಳವರೆಗೆ ಸೆರೆ ಅಥವಾ 1 ಕೋಟಿ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಜಾಹೀರಾತು ಮಾಡುವವರಿಗೆ 2 ವರ್ಷಗಳವರೆಗೆ ಸೆರೆ ಅಥವಾ 50 ಲಕ್ಷದವರೆಗೆ ದಂಡ ಅಥವಾ ಎರಡೂ. ಹಣ ವರ್ಗಾಯಿಸಿಕೊಡುವ ಸಂಸ್ಥೆಗಳೂ ಹೊಣೆಯಿಂದ ತಪ್ಪಿಸಿಕೊಳ್ಳಲಾರವು.

ಆಡಿದವನಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ. ಅವನನ್ನು ಬಲಿಯಾದವನೆಂದು ಅದು ಕಾಣುತ್ತದೆ. ಪೊಲೀಸ್ ಕಾಯ್ದೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ, ಮತ್ತು ನಮ್ಮ ದೃಷ್ಟಿಯಲ್ಲಿ ಸರಿಯಾದ ದಾರಿಯೂ ಇದೇ. ಅರವತ್ತು ವರ್ಷ ನಾವು ತೋಪಿನಲ್ಲಿ ಕುಳಿತವನನ್ನು ಹಿಡಿದೆವು. ಅವನಿಂದ ಬದುಕಿದವನು ಬಹುಮಟ್ಟಿಗೆ ತಪ್ಪಿಸಿಕೊಂಡ. ಹೊಸ ಕಾಯ್ದೆ ಮೊದಲ ಬಾರಿಗೆ ಬೇರಿನತ್ತ ಕೈ ಹಾಕಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯಕ್ಕೂ ಬಂದವು. ಎಲ್ಲವನ್ನೂ ಸರ್ವೋಚ್ಚ ನ್ಯಾಯಾಲಯ ತನ್ನಲ್ಲಿಗೆ ವರ್ಗಾಯಿಸಿಕೊಂಡಿತು. ಅಂತಿಮ ಮಾತು ಅದರದೇ. ಅಷ್ಟರಲ್ಲಿ ಹೊರದೇಶಗಳಿಂದ ನಡೆಯುವ ಆ್ಯಪುಗಳು ಒಂದು ಹೆಸರು ಮುಚ್ಚಿದರೆ ಮತ್ತೊಂದು ಹೆಸರಿನಲ್ಲಿ ತೆರೆದುಕೊಳ್ಳುತ್ತವೆ ಎಂಬುದನ್ನು ಮರೆಯಬಾರದು.

ಇದರೊಂದಿಗೆ ಒಂದು ಹಳೆಯ ಪಾಠವನ್ನೂ ನೆನೆಯೋಣ. ನಮ್ಮ ಜಿಲ್ಲೆ ರಚನೆಯಾದ 2007ರಲ್ಲಿಯೇ ಕರ್ನಾಟಕದಲ್ಲಿ ಲಾಟರಿ ನಿಷೇಧವಾಯಿತು. ಒಂದಂಕಿ ಲಾಟರಿಯ ದಿನಗಳನ್ನು ಕಂಡವರಿಗೆ ಬಸ್‌ ನಿಲ್ದಾಣದ ಅಂಗಡಿಗಳ ಮುಂದೆ ಹರಿದು ಬಿದ್ದ ಚೀಟಿಗಳ ನೆನಪಿದೆ. ಖಜಾನೆಗೆ ನಷ್ಟವಾಗುತ್ತದೆ ಎಂಬ ವಾದ ಆಗಲೂ ಇತ್ತು. ಖಜಾನೆ ಬರಿದಾಗಲಿಲ್ಲ, ಕೂಲಿಯವನ ಜೇಬಿನಲ್ಲಿ ಸಂಜೆಯ ಅಕ್ಕಿಯ ಕಾಸು ಉಳಿಯಿತು. ನಿಷೇಧದಿಂದ ಏನೂ ಆಗದೆಂಬ ಮಾತು ಪೂರ್ತಿ ನಿಜವಲ್ಲವೆನ್ನಲು ನಮ್ಮ ಕಣ್ಣೆದುರಿನ ದೃಷ್ಟಾಂತ ಅದು.

ಚುನಾವಣೆಯ ಬಾಜಿ

2024ರ ನವೆಂಬರ್ 13ರಂದು ಚನ್ನಪಟ್ಟಣ ವಿಧಾನಸಭಾ ಕ್ಷೇತ್ರದ ಉಪಚುನಾವಣೆಯ ಮತದಾನ ನಡೆದು, 23ರಂದು ಫಲಿತಾಂಶ ಬಂತು. ನಡುವಿನ ಹತ್ತು ದಿನಗಳಲ್ಲಿ ಗೆಲ್ಲುವವರ ಮೇಲೆ ಬಾಜಿ ಕಟ್ಟುತ್ತಿರುವ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಕ್ಷೇತ್ರ ಯಾವುದೇ ಇರಲಿ, ಪಕ್ಷ ಯಾವುದೇ ಇರಲಿ, ಇದು ಪ್ರತಿ ಚುನಾವಣೆಯಲ್ಲೂ ನಡೆಯುವಂಥದು. ಇದನ್ನು ಅಭಿಮಾನವೆಂದು ಕರೆಯುವವರಿದ್ದಾರೆ. ಮತವೆಂಬುದು ಪ್ರಜೆಯ ಪವಿತ್ರ ಹೊಣೆ. ಅದರ ಫಲವನ್ನು ಪಣಕ್ಕಿಡುವುದು ಆ ಹೊಣೆಯನ್ನೇ ಹಗುರಗೊಳಿಸಿದಂತೆ.

ಕಾನೂನಿನ ಒಂದು ಸಂಗತಿಯನ್ನು ಇಲ್ಲಿ ಎಲ್ಲರೂ ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 30ನೆಯ ಕಲಮಿನಂತೆ ಬಾಜಿಯ ಒಪ್ಪಂದ ಅಸಿಂಧು. ಗೆದ್ದೆನೆಂದು ಹೇಳಿ ಹಣ ವಸೂಲಿಗೆ ಯಾವ ನ್ಯಾಯಾಲಯದಲ್ಲೂ ದಾವೆ ಹೂಡಲು ಬರುವುದಿಲ್ಲ. ಹಿರಿಯರ ಸಮ್ಮುಖದಲ್ಲಿ ಮಾತಾಯಿತು, ಕಾಗದ ಬರೆದಾಯಿತು ಎಂಬುದರಿಂದ ಅದಕ್ಕೆ ಬಲ ಬರುವುದಿಲ್ಲ. ಮಾತಿಗೆ ತಪ್ಪಬಾರದೆಂದು ಬಾಜಿಯ ಸಾಲಕ್ಕಾಗಿ ಹೊಲವನ್ನು ಬರೆದುಕೊಡಲು ಹೊರಟವರು ಒಮ್ಮೆ ವಕೀಲರನ್ನು ಕೇಳಲಿ. ಮಾತಿಗೆ ನಿಲ್ಲುವುದು ದೊಡ್ಡ ಗುಣ. ಆದರೆ ಮಕ್ಕಳ ಅನ್ನವನ್ನು ಪಣಕ್ಕಿಟ್ಟ ಮಾತು ಆಡಬಾರದ ಮಾತಾಗಿತ್ತು.

ಸಾಲದ ಬಾಗಿಲು

ಬಾಜಿಯ ಒಪ್ಪಂದ ಅಸಿಂಧುವಾದರೂ, ಆಡಲೆಂದು ಬೇರೆಯವರಿಂದ ತಂದ ಸಾಲಕ್ಕೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ. ಜೂಜಿನ ನಿಜವಾದ ಉರುಳು ಇಲ್ಲಿದೆ. ಸೋತದ್ದನ್ನು ಮರಳಿ ಗೆಲ್ಲಲು ಸಾಲ, ಆ ಸಾಲ ತೀರಿಸಲು ಮತ್ತೊಂದು ಸಾಲ, ಕಡೆಗೆ ಮಡದಿಯ ಹೆಸರಿನಲ್ಲಿ ಸಂಘದ ಸಾಲ. ಹಣ ಹೋದದ್ದು ಗಂಡಸರಿಂದ; ವಾರದ ಕಂತಿಗೆ ಉತ್ತರ ಹೇಳುವವಳು ಹೆಣ್ಣುಮಗಳು.

ಮನೆಯ ಮುಂದೆ ನಿಂತು ಅವಮಾನಿಸುವ, ಬೆದರಿಸುವ ವಸೂಲಿಗೆ ಕಡಿವಾಣ ಹಾಕಲು 2025ರಲ್ಲಿ ನಮ್ಮ ರಾಜ್ಯ ಕಿರುಸಾಲ ಮತ್ತು ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಕಾನೂನನ್ನು ತಂದಿದೆ. ಮೊದಲು ಸುಗ್ರೀವಾಜ್ಞೆಯಾಗಿ ಬಂದು ಬಳಿಕ ಕಾಯ್ದೆಯಾದ ಇದರಲ್ಲಿ ಕಠಿಣ ಶಿಕ್ಷೆಯಿದೆ. ಇದಲ್ಲದೆ ಬೆದರಿಸಿ ಹಣ ಕೀಳುವುದು ನ್ಯಾಯ ಸಂಹಿತೆಯ 308ನೆಯ ಕಲಮಿನಂತೆ ಅಪರಾಧ. ಪ್ರಾಣಭಯ ಒಡ್ಡುವುದು 351ರಂತೆ ಅಪರಾಧ. ಮೊಬೈಲಿನ ಮೂಲಕ ಮೋಸವಾಗಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು; ಮೊದಲ ಕೆಲವು ಗಂಟೆಗಳು ಅಮೂಲ್ಯ. ನಾಚಿಕೆಯಿಂದ ಮುಚ್ಚಿಟ್ಟಷ್ಟೂ ಕಳೆದ ಹಣ ದೂರ ಹೋಗುತ್ತದೆ.

ಹಣಕ್ಕಿಂತ ದೊಡ್ಡದು ಪ್ರಾಣ. ಸಾಲದಿಂದ ಮನಸ್ಸು ಕುಸಿದವರನ್ನು ಒಂಟಿಯಾಗಿ ಬಿಡಬಾರದು. ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಕನ್ನಡದಲ್ಲಿ ಮಾತನಾಡಬಹುದು. ಜೂಜಿನ ಚಟ ಒಂದು ವ್ಯಾಧಿಯೂ ಹೌದೆಂದು ವೈದ್ಯಶಾಸ್ತ್ರ ಒಪ್ಪಿದೆ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ನಾಲ್ಕೂ ತಾಲ್ಲೂಕುಗಳಿಗೆ ದೂರವೇನಲ್ಲ.

ಕೋಲು ಹಿಡಿದು ಹೊರಡುವವರಿಗೆ

ಜೂಜಿನ ಮೇಲೆ ರೋಷಗೊಂಡು ಅಡ್ಡೆಗೆ ನುಗ್ಗುತ್ತೇವೆ, ನಾಲ್ಕು ಬಿಗಿಯುತ್ತೇವೆ ಎಂದು ಹೊರಡುವ ಯುವಕರೂ ಇದ್ದಾರೆ. ಅವರ ಕಳಕಳಿ ನಿಜವಾದದ್ದೇ. ಆದರೆ ಬಲಪ್ರಯೋಗದ ಉದ್ದೇಶದಿಂದ ಐದು ಅಥವಾ ಹೆಚ್ಚು ಜನ ಸೇರಿದರೆ ಅದು 189ನೆಯ ಕಲಮಿನ ಕಾನೂನುಬಾಹಿರ ಕೂಟ. ಕೈ ಎತ್ತಿದರೆ 191ರ ದೊಂಬಿ. ನೈತಿಕತೆಯನ್ನು ಉಳಿಸಲು ಹೊರಟವನು ಸಾರ್ವಜನಿಕ ನೆಮ್ಮದಿಯನ್ನು ಕೆಡಿಸಿದ ಅಪರಾಧಿಯಾಗಿ ನಿಲ್ಲುತ್ತಾನೆ, ಜೂಜಾಡಿಸಿದವನು ದೂರುದಾರನಾಗುತ್ತಾನೆ. ಇಂದು ಇಸ್ಪೀಟಿನವರ ಮೇಲೆ ಎತ್ತಿದ ಕೈ ನಾಳೆ ಯಾರ ಉಡುಪಿನ ಮೇಲೆ, ಯಾರ ಊಟದ ಮೇಲೆ, ಯಾರ ಸ್ನೇಹದ ಮೇಲೆ ಎದ್ದೀತೆಂಬುದಕ್ಕೆ ಮಿತಿಯಿರುವುದಿಲ್ಲ. ಶಿಕ್ಷಿಸುವ ಅಧಿಕಾರ ರಾಜ್ಯದ್ದು, ಅದೂ ನ್ಯಾಯಾಲಯದ ಮೂಲಕ ಮಾತ್ರ. ನಮ್ಮ ಕೆಲಸ 112ಕ್ಕೆ ತಿಳಿಸುವುದು, ಲಿಖಿತ ದೂರು ಕೊಡುವುದು, ಸಾಕ್ಷಿ ಹೇಳಬೇಕಾದಾಗ ಹಿಂಜರಿಯದಿರುವುದು.

ಸರ್ಕಾರದ ಮುಂದೆಯೂ ಒಂದು ವಿನಂತಿಯನ್ನು ಇಡಬಯಸುತ್ತೇವೆ. ಹೊಸ ನ್ಯಾಯ ಸಂಹಿತೆ ಸಮುದಾಯ ಸೇವೆಯೆಂಬ ಶಿಕ್ಷೆಯನ್ನು ತಂದಿದೆ. ಕುಡಿದು ಸಾರ್ವಜನಿಕ ಸ್ಥಳದಲ್ಲಿ ಗಲಾಟೆ ಮಾಡಿದವನಿಗೆ 355ನೆಯ ಕಲಮಿನಂತೆ ಅದನ್ನು ವಿಧಿಸಬಹುದು. ಬೀದಿಯಲ್ಲಿ ಜೂಜಾಡಿ ಮೊದಲ ಬಾರಿ ಸಿಕ್ಕವನಿಗೂ ರಾಜ್ಯದ ಕಾಯ್ದೆಯಲ್ಲಿ ಇಂತಹದೇ ಅವಕಾಶ ಇರಬೇಕು. ದಂಡ ಕಟ್ಟಿ ಎದ್ದುಹೋಗುವುದಕ್ಕಿಂತ ತಾನು ಕುಳಿತು ಆಡಿದ ಕೆರೆಯ ಏರಿಯ ಮುಳ್ಳನ್ನು ಕಡಿಯುವುದು ಅವನಿಗೂ ಊರಿಗೂ ಹಿತ.

ಶರಣರ ಲೆಕ್ಕ

ಕಾನೂನು ಕೇಳುವ ಪ್ರಶ್ನೆ 'ಎಲ್ಲಿ ಆಡಿದೆ, ಯಾವುದನ್ನು ಆಡಿದೆ' ಎಂಬುದು. ಶರಣರು ಕೇಳುವ ಪ್ರಶ್ನೆ ಬೇರೆ: 'ಈ ಹಣ ಯಾವ ಕಾಯಕದಿಂದ ಬಂತು, ಯಾವ ದಾಸೋಹಕ್ಕೆ ಹೋಯಿತು?' ಜೂಜಿನ ಹಣಕ್ಕೆ ಈ ಎರಡರಲ್ಲಿ ಒಂದಕ್ಕೂ ಉತ್ತರವಿಲ್ಲ. ಅದನ್ನು ಗಳಿಸಿದವನು ಏನನ್ನೂ ಬೆಳೆಯಲಿಲ್ಲ, ನೇಯಲಿಲ್ಲ, ಯಾರ ಹಸಿವನ್ನೂ ತಣಿಸಲಿಲ್ಲ. ಅವನಿಗೆ ಬಂದದ್ದು ಮತ್ತೊಬ್ಬನ ಮನೆಯಿಂದ ಬಂತು, ಬಂದಂತೆಯೇ ಹೋಗುತ್ತದೆ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತು. ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮಾರಯ್ಯನವರು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಕೊಟ್ಟುಬನ್ನಿರೆಂದು ಲಕ್ಕಮ್ಮನವರು ಕಳುಹಿಸಿದರು. ಅದು ಕಳವಿನ ಅಕ್ಕಿಯಲ್ಲ. ಯಾವ ಕಲಮೂ ಅದನ್ನು ತಡೆಯುತ್ತಿರಲಿಲ್ಲ. ಆದರೂ ಮನೆಯ ಹೆಣ್ಣುಮಗಳೊಬ್ಬಳು ಕೇಳಿದ ಪ್ರಶ್ನೆ ಆ ಮನೆಯನ್ನು ಕಾಯಿತು. ಕಾನೂನು ಬಾಗಿಲ ಹೊರಗೆ ನಿಂತಾಗ ಒಳಗೆ ಪ್ರಶ್ನಿಸುವ ಒಬ್ಬರಾದರೂ ಬೇಕು, ಆ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳುವ ಗಂಡಸೂ ಬೇಕು.

ಮತ್ತೊಂದು ನೆನಪು ದ್ಯೂತದ್ದೇ. ಪಂಪನೂ ಕುಮಾರವ್ಯಾಸನೂ ಕನ್ನಡದಲ್ಲಿ ಆ ಸಭೆಯನ್ನು ಕಟ್ಟಿಕೊಟ್ಟಿದ್ದಾರೆ. ಗಮಕಿಗಳ ಬಾಯಲ್ಲಿ ನಮ್ಮ ಹಳ್ಳಿಗಳು ಅದನ್ನು ಕೇಳಿವೆ. ದಾಳ ಎಸೆದವನು ಒಬ್ಬ, ಸೋತವನು ಒಬ್ಬ. ಕಥೆ ಕೇಳಿದ ಪ್ರತಿ ತಲೆಮಾರೂ ಮರುಗುವುದು ಮಾತ್ರ ಸುತ್ತ ಕುಳಿತು ಸುಮ್ಮನಿದ್ದ ಹಿರಿಯರನ್ನು ಕಂಡು. ಅಡ್ಡೆಯಲ್ಲಿ ಕುಳಿತು ನೋಡುವವನನ್ನೂ ಕಾನೂನು ಏಕೆ ಕೇಳುತ್ತದೆಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ನಮ್ಮ ಕೋರಿಕೆ

ಕೆಂಗಲ್ಲಿನ ದನಗಳ ಜಾತ್ರೆ, ಅವ್ವೇರಹಳ್ಳಿಯ ರೇವಣಸಿದ್ಧೇಶ್ವರ ಬೆಟ್ಟದ ಜಾತ್ರೆ, ಮಾಗಡಿ ರಂಗನಾಥಸ್ವಾಮಿಯ ತೇರು, ಕಬ್ಬಾಳಿನ ಉತ್ಸವ ಇವೆಲ್ಲ ನಮ್ಮ ನಾಡಿನ ಒಕ್ಕಲುತನದ ಹಬ್ಬಗಳು. ಎಲ್ಲ ಊರುಗಳ ಜಾತ್ರಾ ಸಮಿತಿಗಳಲ್ಲಿ ನಮ್ಮ ಪ್ರಾರ್ಥನೆ ಇದು: ಜಾಗದ ಬಾಡಿಗೆ ಎಷ್ಟೇ ಬರಲಿ, ಹಣ ಕಟ್ಟಿಸಿ ಆಡಿಸುವವರಿಗೆ ಅಂಗಡಿ ಹಾಕಲು ಅವಕಾಶ ಕೊಡಬೇಡಿ. ದೇವರ ಹೆಸರಿನ ಬೆಳಕಿನಲ್ಲಿ ಒಬ್ಬ ಹುಡುಗ ಮೊದಲ ಬಾರಿಗೆ ಹತ್ತು ರೂಪಾಯಿ ಕಟ್ಟುವುದನ್ನು ಕಲಿತರೆ, ಆ ಬಾಡಿಗೆಯಿಂದ ಬೆಳಗಿದ ದೀಪಕ್ಕೆ ಅರ್ಥವಿಲ್ಲ.

ಗೃಹಸ್ಥರಲ್ಲಿ ಕೋರುವುದು ಇಷ್ಟು. ಗೂಡಿನ ಹಣವೋ ಹಾಲಿನ ಬಟವಾಡೆಯೋ ಬಂದ ದಿನ ಮನೆಯವರೆಲ್ಲ ಕುಳಿತು ಲೆಕ್ಕ ನೋಡಿ. ಖಾತೆಯ ವಿವರ ಮಡದಿಗೆ ತಿಳಿದಿರಲಿ. ಮಕ್ಕಳು ಸೋತು ಬಂದರೆ ಹಂಗಿಸುವ ಮುನ್ನ ಪೂರ್ತಿ ಕೇಳಿ. ಹಂಗಿಗೆ ಹೆದರಿದವನೇ ಇನ್ನೊಂದು ಸಾಲಕ್ಕೆ ಕೈಯೊಡ್ಡುವುದು. ಯುಗಾದಿಯ ದಿನ ಎಲೆ ಹಾಕುವ ಜಗಲಿಯಲ್ಲಿ ಹಣ ಇಡಬೇಡಿ. ಬೇವು ಬೆಲ್ಲ ಹಂಚಿದ ಕೈಯಿಂದ ನೆರೆಯವನ ದುಡಿಮೆಯನ್ನು ಕಸಿಯುವುದು ಹೊಸ ವರ್ಷಕ್ಕೆ ತಕ್ಕ ಆರಂಭವಲ್ಲ. ಯುವಕರಿಗೆ ಹಬ್ಬದ ದಿನ ಆಟ ಬೇಕೇ ಬೇಕು. ಊರಿನ ಬಯಲಲ್ಲಿ ಕಬಡ್ಡಿ, ವಾಲಿಬಾಲ್ ಏರ್ಪಡಿಸಿ, ಹಿರಿಯರು ಹೋಗಿ ನಿಂತು ನೋಡಿ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳು ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ನೀಡಿದ್ದು ಒಕ್ಕಲ ಮನೆಗಳಿಂದ ಬಂದ ಕಾಳಿನಿಂದ. ಬೆವರಿನಿಂದ ಬಂದ ಕಾಳು ಅದು. ಒಂದು ಹಿಡಿ ಕಾಳು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಈ ಮಣ್ಣು ತಾನೇ ಸಾಕ್ಷಿ. ಅಂತಹ ಕಾಳು ಜೂಜಿನ ಬಾಯಿಗೆ ಬೀಳದಂತೆ ಕಾಯುವ ಕೆಲಸದಲ್ಲಿ ಪೊಲೀಸರದು ಒಂದು ಪಾಲು, ನ್ಯಾಯಾಲಯದ್ದು ಒಂದು ಪಾಲು. ಉಳಿದದ್ದು ನಮ್ಮ ನಿಮ್ಮೆಲ್ಲರದು.